ಎರಡನೆಯ ಕೀ

"ಕೀ ಎಷ್ಟಿವೆ ಸರ್?" ಎಂದು ರಿಯಾಜ್ ಕೇಳಿದ್ದೇ ತಡ, ಮುನೀಂದ್ರನ ಕೈ ಜೇಬಿನಲ್ಲಿದ್ದ ಕೀಯ ಮೇಲೆ ಹೋಯಿತು.

ಯಶವಂತಪುರದ ಗ್ಯಾರೇಜಿನಲ್ಲಿ ಅವನ ಹದಿನೇಳು ವರ್ಷದ ಕಾರು ಬಾನೆಟ್ ಎತ್ತಿಕೊಂಡು ನಿಂತಿತ್ತು. ಒಂದು ತಿಂಗಳಿನಿಂದ ಅದಕ್ಕೆ ಒಂದೇ ರೋಗ. ಬಿಸಿಯಾದರೆ ನಡುರಸ್ತೆಯಲ್ಲಿ ಪ್ರಾಣ ಬಿಡುವುದು, ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಎದ್ದು ಕೂರುವುದು. ಮೊನ್ನೆ ಹೆಬ್ಬಾಳದ ಮೇಲ್ಸೇತುವೆಯ ಮೇಲೆ ನಿಂತಾಗಲಂತೂ ಹಿಂದಿನವರು ಹಾರ್ನು ಹೊಡೆದು, ಬೈದು, ಅವನ ಮಾನ ಹರಾಜು ಹಾಕಿದ್ದರು. ಇಂಜಿನ್ನಿನ ಕಂಪ್ಯೂಟರು ಹೋಗಿದೆ, ಬದಲಾಯಿಸದೆ ಗತಿಯಿಲ್ಲ ಎಂದ ಮೆಕ್ಯಾನಿಕ್ ರಿಯಾಜ್, ಎಲ್ಲಿಂದಲೋ ಇನ್ನೊಂದನ್ನು ತರಿಸಿ ಕೂರಿಸಿಯೂ ಆಗಿತ್ತು. ಅದಕ್ಕೆ ಕೀಗಳ ಗುರುತು ಮಾಡಿಸುವ ಕೆಲಸವೊಂದು ಬಾಕಿ.

"ಎರಡು," ಎಂದ ಮುನೀಂದ್ರ ಕಡೆಗೂ. "ಒಂದು ಮಾತ್ರ ತಂದಿದೀನಿ."

"ಇನ್ನೊಂದೂ ಈಗ್ಲೇ ಬೇಕಲ್ಲ ಸರ್. ಇವತ್ತು ಯಾವ ಕೀ ತೋರಿಸ್ತೀವೋ ಅದನ್ನ ಮಾತ್ರ ಇದು ಒಪ್ಪುತ್ತೆ. ಇಲ್ದೇ ಇರೋ ಕೀ ಸತ್ತಂಗೇ." ಗಿರಾಕಿಯ ಮುಖ ನೋಡಿ ರಿಯಾಜನಿಗೆ ಏನನ್ನಿಸಿತೋ, ಒಂದೇ ಸಾಕು ಅಂದರೆ ಹತ್ತು ನಿಮಿಷದಲ್ಲಿ ಮುಗಿಸಿ ಕೊಡುತ್ತೇನೆ ಎಂದೂ ಸೇರಿಸಿದ.

ಒಂದೇ ಸಾಕು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಇನ್ನೊಂದು ಕೀ ಇದ್ದದ್ದು ಜಹೀರನ ಹತ್ತಿರ. ಇಬ್ಬರೂ ಒಂದೇ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದವರು, ಅರ್ಧರ್ಧ ದುಡ್ಡು ಹಾಕಿ ಕಾರು ಕೊಂಡವರು. ಒಂದು ವಾರ ಅದು ಮತ್ತಿಕೆರೆಯಲ್ಲಿ ಇವನ ಮನೆ ಮುಂದೆ, ಇನ್ನೊಂದು ವಾರ ಆರ್.ಟಿ. ನಗರದಲ್ಲಿ ಅವನ ಮನೆ ಮುಂದೆ. ಜಹೀರ್ ಕೆಲಸ ಬಿಟ್ಟು ಮನೆ ಹತ್ತಿರವೇ ಅಂಗಡಿ ಇಟ್ಟ ಮೇಲೂ ಈ ಪಾಳಿ ತಪ್ಪಲಿಲ್ಲ. ಮದುವೆಯಾಗದೆ ಒಬ್ಬನೇ ಉಳಿದ ಮುನೀಂದ್ರನಿಗೆ ಭಾನುವಾರದ ಊಟ ಜಹೀರನ ತಾಯಿ ಅಮೀನಾಬಿಯ ಕೈಯಿಂದಲೇ. ಆಕೆ ತೀರಿಕೊಂಡರೆಂದು ಬೆಳಿಗ್ಗೆ ಫೋನು ಬಂದಾಗ, ಹೈದರಾಬಾದಿನ ಮಗಳು ಬರುವ ತನಕ ಹೇಗೂ ಕಾಯುತ್ತಾರೆ, ಶಿಫ್ಟು ಮುಗಿಸಿಕೊಂಡೇ ಹೋದರಾಯಿತು ಎಂದುಕೊಂಡ, ಪುಣ್ಯಾತ್ಮ. ಅವರು ಯಾರಿಗೂ ಕಾಯಲಿಲ್ಲ. ಇವನು ಸಂಜೆ ಆ ಬೀದಿಯ ತಿರುವಿಗೆ ಬರುವಷ್ಟರಲ್ಲಿ ಮಣ್ಣು ಮಾಡಿ ಎಲ್ಲರೂ ಮರಳಿದ್ದರು. ಯಾವ ಮುಖ ಇಟ್ಟುಕೊಂಡು ಒಳಗೆ ಹೋಗಲಿ ಎಂದು ಅಲ್ಲಿಂದಲೇ ಗಾಡಿ ತಿರುಗಿಸಿದ. ಮೂರನೆಯ ದಿನ ಹೋಗೋಣ ಎಂದ, ನಲವತ್ತನೆಯ ದಿನಕ್ಕೆ ತಪ್ಪಿಸಬಾರದು ಎಂದ. ಹೀಗೇ ಐದು ವರ್ಷವಾಯಿತು.

ಜಹೀರ್ ತನ್ನ ಪಾಳಿಯ ಕಾರು ಕೇಳಲಿಲ್ಲ. ಕೀ ವಾಪಸ್ ಕಳಿಸಲೂ ಇಲ್ಲ. ಆ ಕೀ ಅವನ ಹತ್ತಿರ ಇದೆಯಲ್ಲ, ಯಾವತ್ತಾದರೂ ಒಂದು ದಿನ ಬಂದು ಹೇಳದೆ ಕೇಳದೆ ಗಾಡಿ ತೆಗೆದುಕೊಂಡು ಹೋದಾನು ಎಂಬುದೊಂದೇ ಮುನೀಂದ್ರನಿಗೆ ಉಳಿದಿದ್ದ ಆಸೆ. ಈಗ ಹತ್ತು ನಿಮಿಷದಲ್ಲಿ ಅದನ್ನೂ ಕೊಂದುಬಿಡುವುದೇ?

ಗ್ಯಾರೇಜಿನ ಹಿಂದಕ್ಕೆ ಹೋಗಿ ಎರಡು ಸಲ ನಂಬರು ಒತ್ತಿ, ಎರಡು ಸಲವೂ ಕಟ್ ಮಾಡಿ, ಮೂರನೆಯ ಸಲ ಕಿವಿಗಿಟ್ಟ.

"ಹೇಳಿ," ಎಂದ ಜಹೀರ್.

ಇಪ್ಪತ್ತು ವರ್ಷ ಏನೋ, ಬಾರೋ ಎಂದವನು ಈಗ ಹೇಳಿ ಎನ್ನುತ್ತಿದ್ದಾನೆ. ಎರಡು ಬೈದಿದ್ದರೂ ಎಷ್ಟೋ ವಾಸಿಯಿತ್ತು. ಮುನೀಂದ್ರ ಕಂಪ್ಯೂಟರಿನ ಕಥೆಯನ್ನೆಲ್ಲ ತಡವರಿಸುತ್ತ ಒಪ್ಪಿಸಿದ. ಅಮೀನಾಬಿಯ ಮಾತೂ ನಾಲಿಗೆಯ ತುದಿಗೆ ಬಂತು, ಹೊರಗೆ ಮಾತ್ರ ಬೀಳಲಿಲ್ಲ. ಆಮೇಲೆ ಜಹೀರ್ ಗ್ಯಾರೇಜು ಎಲ್ಲಿದೆ ಎಂದು ಕೇಳಿ, "ಕಳಿಸ್ತೀನಿ" ಎಂದು ಫೋನಿಟ್ಟ. ತರ್ತೀನಿ ಎನ್ನಲಿಲ್ಲ. ಆದರೂ ಮುನೀಂದ್ರ ನಲ್ಲಿಯಲ್ಲಿ ಮುಖ ತೊಳೆದ, ತಲೆ ಬಾಚಿಕೊಂಡ, ಬರುವ ಒಂದೊಂದು ಗಾಡಿಯಲ್ಲೂ ಅವನ ಮುಖ ಹುಡುಕುತ್ತ ರಸ್ತೆಬದಿಯಲ್ಲಿ ನಿಂತ.

ಬಂದದ್ದು ಒಂದು ಆಟೋ. ಇಳಿದವನು ಅದರ ಡ್ರೈವರ್, ಉಮೇಶ್ ಅಂತೆ, ಜಹೀರನ ಅಂಗಡಿ ಎದುರಿನ ಸ್ಟ್ಯಾಂಡಿನವನು. ಹಿಂದಿನ ಸೀಟು ಖಾಲಿ. ಉಮೇಶ್ ಜೇಬಿನಿಂದ ಕೀ ತೆಗೆದು ಕೊಟ್ಟ. ರಿಯಾಜ್ ತನ್ನ ಲ್ಯಾಪ್‌ಟಾಪಿನ ವೈರು ಸಿಕ್ಕಿಸಿ ಎರಡೂ ಕೀಗಳನ್ನು ಒಂದಾದ ಮೇಲೊಂದು ತಿರುಗಿಸಿದ. ಎರಡಕ್ಕೂ ಗಾಡಿ ಚಾಲೂ ಆಯಿತು.

ಮುನೀಂದ್ರನಿಗೆ ಹೋದ ಜೀವ ಬಂದಂತಾಯಿತು. ಅಷ್ಟೇ ಅಲ್ಲ, ಐದು ವರ್ಷದಿಂದ ಹುಡುಕುತ್ತಿದ್ದ ನೆಪ ಈಗ ತಾನಾಗಿ ಅಂಗೈಯಲ್ಲಿ ಬಂದು ಕೂತಿತ್ತು. ನೀವು ಹೊರಡಿ, ಕೀಯನ್ನು ನಾನೇ ತಲುಪಿಸುತ್ತೇನೆ ಎಂದ ಉಮೇಶನಿಗೆ. ಉಮೇಶ್ ಅಲ್ಲಾಡಲಿಲ್ಲ, ಕಿವಿ ಕೆರೆದುಕೊಂಡ.

"ಇಲ್ಲ ಸರ್, ಕಾದು ವಾಪಸ್ ತಗೊಂಡ್ಬಾ ಅಂದಿದಾರೆ ಜಹೀರಣ್ಣ."

"ಅವರ ಮನೆಗೇ ಹೋಗ್ತಿದೀನಲ್ಲಪ್ಪ ನಾನು."

"ಹಂಗಂದ್ರೆ ಏನ್ ಹೇಳ್ಬೇಕು ಅಂತಾನೂ ಹೇಳಿದಾರೆ ಸರ್. ಕೀ ಕೊಡೋಕೆ ಅಂತ ಬರೋದು ಬೇಡ. ಬರೋದಾದ್ರೆ ಸುಮ್ನೆ ಬರ್ಲಿ ಅಂದ್ರು."

ಮುನೀಂದ್ರ ಕೀ ಕೊಟ್ಟ. ಆಟೋ ಹೋಯಿತು. ರಿಯಾಜ್ ಬಾನೆಟ್ ಮುಚ್ಚಿ, ಇನ್ನು ಎಷ್ಟು ದೂರವಾದರೂ ಹೋಗಿ ಸರ್, ದಾರಿಯಲ್ಲಿ ನಿಲ್ಲುವುದಿಲ್ಲ ಎಂದು ಭರವಸೆ ಕೊಟ್ಟು ಬೇರೆ ಗಾಡಿಯ ಕಡೆ ನಡೆದ. ಮುನೀಂದ್ರ ಸ್ಟೇರಿಂಗ್ ಹಿಡಿದು ಕೂತ. ಇಂಜಿನ್ನು ಒಂದಿಷ್ಟೂ ತಡವರಿಸದೆ ಓಡುತ್ತಿತ್ತು. ಆರ್.ಟಿ. ನಗರ ಅಬ್ಬಬ್ಬಾ ಅಂದರೆ ಅರ್ಧ ಗಂಟೆಯ ದಾರಿ. ಅಲ್ಲಿಗೆ ಹೋಗುವುದಕ್ಕೆ ಅವನ ಹತ್ತಿರ ಈಗ ಯಾವ ನೆಪವೂ ಇರಲಿಲ್ಲ.