ತಿರುಗುವ ಕಹಳೆ

ಸ್ಪೀಕರ್ ಪೆಟ್ಟಿಗೆಯ ಪ್ಲಗ್ಗಿನ ಆರು ಕಡ್ಡಿಗಳಲ್ಲಿ ಒಂದು ಮುರಿದು ಸಾಕೆಟ್ಟಿನೊಳಗೇ ಉಳಿದಿತ್ತು. ಕಾಪುವಿನ ತನ್ನ ರಿಪೇರಿ ಅಂಗಡಿಯಲ್ಲಿ ಮುಸ್ತಫಾ ಅದನ್ನು ಇಕ್ಕಳದಿಂದ ಹೊರಗೆಳೆಯುವವರೆಗೂ ಬರ್ತಾ ಟೀಚರ್ ಉಸಿರು ಬಿಡಲಿಲ್ಲ, ಹಲ್ಲು ಕೀಳಿಸಿಕೊಳ್ಳುತ್ತಿರುವವರು ತಾವೇ ಎಂಬಂತೆ.

"ಯಾರು ಟೀಚರೇ ಇದನ್ನು ಎಳೆದದ್ದು?"

"ಅಲ್ಲಿ ಬಾಗಿಲಲ್ಲಿ ನಿಂತಿದ್ದಾನಲ್ಲ, ನನ್ನ ಅಣ್ಣನ ಮಗ. ಅವನನ್ನೇ ಕೇಳು."

ಲಾಯ್ಡ್ ತಲೆ ಕೆರೆದುಕೊಂಡ. ಇಗರ್ಜಿಯಲ್ಲಿ ತನ್ನ ಹೊಸ ಕೀಬೋರ್ಡಿಗೆ ಜಾಗ ಮಾಡಲು ಹೋಗಿ, ಹಳೆಯ ಆರ್ಗನ್ನಿನ ಸ್ಪೀಕರ್ ಪೆಟ್ಟಿಗೆಯನ್ನು ವಯರು ಬಿಚ್ಚದೆ ಎಳೆದಿದ್ದ. ಇದು ಸರಿಯಾಗದಿದ್ದರೆ ಭಾನುವಾರದ ಪೂಜೆಗೆ ಆ ಕೀಬೋರ್ಡೇ ಗತಿ. ಒಮ್ಮೆ ಅದು ಬಂದು ಕೂತಿತೆಂದರೆ ಮತ್ತೆ ಆರ್ಗನ್ ಬಾರಿಸಲು ತಮ್ಮನ್ನು ಯಾರು ಕರೆಯುತ್ತಾರೆ ಎಂಬುದು ಟೀಚರ ಸಂಕಟ.

"ಅದರಲ್ಲಿ ಡ್ರಮ್ಮೂ ಉಂಟಂತೆ ಮುಸ್ತಫಾ. ದೇವರ ಎದುರು ಡಿಸ್ಕೋ."

"ಅದನ್ನು ಆಫ್ ಮಾಡಬಹುದು ಆಂಟಿ."

"ನಿನ್ನನ್ನು ಆಫ್ ಮಾಡುವ ಬಟನ್ ಎಲ್ಲಿ ಉಂಟು ಮಾರಾಯ?"

ವಯರುಗಳ ಬಣ್ಣವೆಲ್ಲ ಮಾಸಿ ಚಹಾದ ಬಣ್ಣಕ್ಕೆ ತಿರುಗಿತ್ತು. ಒಂದು ಆಚೀಚೆಯಾದರೂ ಆರ್ಗನ್ ಸುಟ್ಟು ಹೋದೀತೆಂದು ಮುಸ್ತಫಾ ಒಂದೊಂದನ್ನೂ ಮೀಟರಿನಲ್ಲಿ ನೋಡಿ, ಮಗಳು ಶಮ್ನಾಳ ನೈಲ್ ಪಾಲಿಶಿನಿಂದ ಗುರುತಿಗೆ ಚುಕ್ಕಿಯಿಟ್ಟ. ಮಲ್ಪೆಯಲ್ಲಿ ಒಡೆಯಲು ಹಾಕಿದ್ದ ಬೋಟಿನಿಂದ ತಂದಿಟ್ಟ ಪ್ಲಗ್ಗೊಂದು ಅಳತೆಗೆ ಸರಿಯಾಗಿ ಕೂತಿತು.

"ಮೀನಿನ ವಾಸನೆ ಬರುವುದಿಲ್ಲ ಅಲ್ವಾ?"

"ಬಂದರೆ ಪೂಜೆ ಮುಗಿಯುವಾಗ ಬಂದೀತು, ಹಸಿವಾಗುವ ಹೊತ್ತಿಗೆ." ಮುಸ್ತಫಾ ಮೈಕು ಜೋಡಿಸಿ ಅವರ ಕೈಗೆ ಕೊಟ್ಟ. "ಆರ್ಗನ್ ಇಲ್ಲಿಲ್ಲವಲ್ಲ, ಟೆಸ್ಟಿಗೆ ನೀವೇ ಒಂದು ಹಾಡಿ."

"ನಾನು ಹಾಡಿಸುವವಳು, ಹಾಡುವವಳಲ್ಲ."

"ಹಾಗಾದರೆ ನಾನು ಹಾಡಬೇಕಾ? ಅಂಗಡಿ ಮುಚ್ಚಬೇಕಾದೀತು."

ಟೀಚರ್ ಸಣ್ಣ ದನಿಯಲ್ಲಿ ಹಳೆಯ ಕೊಂಕಣಿ ಭಕ್ತಿಗೀತೆಯ ಎರಡು ಸಾಲು ಹಾಡಿದರು. ಪೆಟ್ಟಿಗೆಯೊಳಗೆ ದನಿಯನ್ನು ಸುತ್ತಲೂ ಹರಡುವ ಕಹಳೆ ಮೆಲ್ಲನೆ ತಿರುಗಿತು. ಅವರ ದನಿ ತೆರೆಯಂತೆ ಏರಿಳಿಯುತ್ತ, ನಡುಗುತ್ತ, ಅಂಗಡಿ ತುಂಬಿತು. ಇಷ್ಟು ವರ್ಷ ಊರಿನವರ ದನಿಯ ಹಿಂದೆ ಆರ್ಗನ್ ಬಾರಿಸುತ್ತ ಕೂತವರಿಗೆ ಇದು ತಮ್ಮದೇ ಎಂದು ನಂಬಲಾಗಲಿಲ್ಲ. ಯಾರೂ ಕೇಳದಿದ್ದರೂ ಮೊದಲಿನಿಂದ ಮತ್ತೆ ಹಾಡಿದರು, ಈ ಸಲ ಪೂರ್ತಿಯಾಗಿ.

ಲಾಯ್ಡ್ ಒಳಗೆ ಬಂದಿದ್ದ. "ಭಾನುವಾರ ಇದನ್ನು ನೀವೇ ಹಾಡಿ ಆಂಟಿ."

"ಆಗ ಆರ್ಗನ್ ಬಾರಿಸುವವರು ಯಾರು?"

ಟೀಚರ್ ಕೈಯಲ್ಲಿದ್ದ ಮೈಕನ್ನು ನೋಡಿದರು, ಆಮೇಲೆ ಲಾಯ್ಡನ ಕಾಲನ್ನು.

"ಈ ಶೂ ಹಾಕಿಕೊಂಡು ನನ್ನ ಆರ್ಗನ್ನಿನ ಪೆಡಲ್ ತುಳಿದರೆ ನೋಡು," ಎಂದರು.