ದೊಡ್ಡವನ ಕೈಗುಣ

ಅಂಟು ಹಚ್ಚಿದ ಪೈಪನ್ನು ಮೀನಿನ ತೊಟ್ಟಿಯ ಎಲ್ಬೋ ತಿರುವಿನೊಳಕ್ಕೆ ಒತ್ತಿ ಹಿಡಿದಿದ್ದಾಗಲೇ ಸುದ್ದಿ ಬಂತು. ಹಲ್ಲಿನ ಡಾಕ್ಟರಮ್ಮ ಫೋನು ಹಿಡಿದುಕೊಂಡೇ ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತರು.

"ನಿಮ್ಮ ಮೇಸ್ತ್ರಿ ಹೋಗಿಬಿಟ್ರಂತೆ. ಬೆಳಗಿನ ಜಾವ, ನಿದ್ದೆಯಲ್ಲೇ. ಅವರ ಮನೆಯವರು ಹೇಳಿದ್ರು."

ಅವನು ಕೈ ಬಿಡಲಿಲ್ಲ. ಅಂಟು ಕಚ್ಚುವ ಮೊದಲೇ ಬಿಟ್ಟರೆ ಪೈಪು ಹಿಂದಕ್ಕೆ ಜಾರುತ್ತದೆ. ಹಾಗೆಂದು ಕಲಿಸಿದವರೂ ಅವರೇ. ಕಣ್ಣು ಮಂಜಾಯಿತು. ಆದರೆ ಮನಸ್ಸಿಗೆ ಮೊದಲು ಬಂದದ್ದು ಅಳುವಲ್ಲ. ಇನ್ನು ದೊಡ್ಡವನು ಬರುತ್ತಾನೆ, ಅನ್ನಿಸಿತು.

ದೊಡ್ಡವನನ್ನು ಇವನು ಕಂಡಿರಲಿಲ್ಲ. ಕೇಳಿದ್ದ, ಕಿವಿ ತೂತು ಬೀಳುವಷ್ಟು. ತನಗಿಂತ ಮೊದಲು ಮೇಸ್ತ್ರಿಯ ಕೈಕೆಳಗೆ ಪಳಗಿ, ಈಗ ಎಲ್ಲೋ ಸ್ವಂತ ಕೆಲಸ ಹಿಡಿದಿರುವವನಿರಬೇಕು. ಜೋಡಣೆ ಸ್ವಲ್ಪ ಓರೆಯಾದರೆ ಸಾಕು, "ದೊಡ್ಡವನ ಕೈಯಾಗಿದ್ರೆ ನೂಲು ಹಿಡಿದಂಗೆ ಇರೋದು ಕಣೋ, ಚಿಕ್ಕವನೇ." ನೆಲಕ್ಕೆ ನೀರು ಬಿದ್ದರೆ, "ದೊಡ್ಡವನು ಒಂದು ಹನಿ ಚೆಲ್ಲೋನಲ್ಲ." ಆರಡಿ ಎತ್ತರದ, ಕಿವಿಯ ಬಳಿ ಕೂದಲು ನರೆತ ಇವನು ಮಾತ್ರ ಎಂದೆಂದಿಗೂ ಚಿಕ್ಕವನು.

"ಎಲ್ಲಿದ್ದಾನೆ ಆ ಮಹಾರಾಯ?" ಎಂದು ಒಮ್ಮೆ ಕೇಳಿಯೂ ಬಿಟ್ಟಿದ್ದ.

"ಅವನ ಸುದ್ದಿ ನಿನಗ್ಯಾಕೆ? ಕೆಲಸ ನೋಡು." ಮಾತು ಗಡುಸು, ದನಿ ಮಾತ್ರ ಬೆಣ್ಣೆಯ ಹಾಗೆ ಮೆತ್ತಗೆ. ಆ ಮೆತ್ತಗಿನ ದನಿ ಇವನನ್ನು ಬೈಗುಳಕ್ಕಿಂತ ಹೆಚ್ಚು ಸುಟ್ಟಿತ್ತು. ಮೇಸ್ತ್ರಿ ಇವನನ್ನು ಒಂದು ದಿನವೂ ಮನೆಗೆ ಕರೆದವರಲ್ಲ. ದೊಡ್ಡವನಿಗೆ ಮನೆ, ಚಿಕ್ಕವನಿಗೆ ಕೆಲಸದ ಶೆಡ್ಡು ಎಂದು ಅವನು ಲೆಕ್ಕ ಹಾಕಿದ್ದ.

"ಆ ದೊಡ್ಡವರನ್ನೇ ಕರೆಸಿ ಮುಗಿಸೋಣ್ವಾ?" ಎಂದರು ಡಾಕ್ಟರಮ್ಮ. "ಮೇಸ್ತ್ರಿ ಅವರನ್ನ ತುಂಬ ಹೊಗಳ್ತಿದ್ರು. ನೀವು ಪಾಪ, ಹೋಗಿ ಮುಖ ನೋಡ್ಕೊಂಡು ಬನ್ನಿ."

"ಬೇಡಮ್ಮ. ನಾನೇ ಮುಗಿಸ್ತೀನಿ."

"ಇಂಥ ದಿನ?"

"ಇವತ್ತೇ ಆಗ್ಬೇಕು."

ಮೇಸ್ತ್ರಿಯ ಕೊನೆಯ ತೊಟ್ಟಿ ಅದು. ಯಾರು ಮುಗಿಸುತ್ತಾರೋ ಅವನೇ ಮೇಸ್ತ್ರಿಯ ನಂತರದ ಮೇಸ್ತ್ರಿ. ಇನ್ನೊಬ್ಬ ಬಂದು ಕೈಯಿಡುವ ಮೊದಲು ಇಲ್ಲಿ ನೀರು ತಿರುಗಬೇಕು.

ಗೋಡೆಯುದ್ದದ ಗಾಜಿನ ತೊಟ್ಟಿ ಮೇಲೆ; ಅದರಡಿಯ ಕಪಾಟಿನಲ್ಲಿ ನೀರು ಸೋಸುವ ಪೆಟ್ಟಿಗೆ, ಸಂಪ್. ಮೇಲೆ ತುಂಬಿ ಹರಿದ ನೀರು ಪೈಪಿನಲ್ಲಿ ಇಳಿದು, ಸ್ಪಾಂಜು ದಾಟಿ, ಕಲ್ಲುಂಗುರಗಳ ನಡುವೆ ನುಸುಳಿ ತಿಳಿಯಾಗಿ, ಪಂಪಿನಿಂದ ಮತ್ತೆ ಮೇಲೇರಬೇಕು. ಸಂಪಿಗೆ ಭಾರವಾದ ಮುಚ್ಚಳ, ಮುಚ್ಚಳಕ್ಕೊಂದು ಚಿಲಕ. ಈ ಕಸುಬಿನಲ್ಲಿ ಬೇರೆ ಯಾರೂ ಹಾಗೆ ಮಾಡುವುದಿಲ್ಲ. ಮೇಸ್ತ್ರಿಯದು ಒಂದೇ ಹಟ: ಮೊದಲು ಮುಚ್ಚಳ, ಆಮೇಲೆ ನೀರು. ಮೊಣಕಾಲೆತ್ತರದ ಪೆಟ್ಟಿಗೆಗೆ ಇದೆಲ್ಲ ಯಾಕೆ ಎಂದರೆ, "ದೊಡ್ಡವನನ್ನ ಕೇಳು, ಹೇಳ್ತಾನೆ."

ನೀರು ಮೇಲೇರಿಸುವ ಪೈಪಿಗೆ, ಮೇಲಿನ ತೊಟ್ಟಿಯ ನೀರಿನ ಮಟ್ಟದಿಂದ ತುಸು ಕೆಳಗೆ, ಅವನು ಒಂದು ತೂತು ಕೊರೆದ. ಕರೆಂಟು ಹೋದಾಗ ತೊಟ್ಟಿಯ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಇಳಿಯುತ್ತದೆ. ಆ ತೂತು ಗಾಳಿ ನುಂಗಿ ಅದನ್ನು ತಡೆಯಬೇಕು. ಪಂಪು ನಿಲ್ಲಿಸಿ ಸಂಪಿನ ಗಾಜಿಗೆ ಕಣ್ಣಿಟ್ಟು ಕೂತ. ಸಂಪಿನಲ್ಲಿ ನೀರು ಏರಿತು, ಏರಿತು, ಅಂಚಿಗೆ ನಾಲ್ಕು ಬೆರಳು ಇರುವಾಗ ನಿಂತಿತು. ಕಪಾಟಿನ ನೆಲ ಒಣಗಿಯೇ ಇತ್ತು.

"ಬರಲಿ ಈಗ ದೊಡ್ಡವನು," ಎಂದುಕೊಂಡ.

ಮೇಸ್ತ್ರಿಯ ಮನೆ ತಲುಪುವಾಗ ಸಂಜೆಯಾಗಿತ್ತು. ಎಲ್ಲ ಮುಗಿದು ಜನ ಚದುರಿದ್ದರು. ಬಾಗಿಲಲ್ಲಿ ಮೇಸ್ತ್ರಿಯ ಹೆಂಡತಿ ಒಬ್ಬರೇ.

"ಚಿಕ್ಕವನಲ್ವಾ? ಎತ್ತರ ನೋಡಿದ್ರೇ ಗೊತ್ತಾಗುತ್ತೆ. ತಲೆ ಬಗ್ಗಿಸಿ ಬಾ, ಬಾಗಿಲು ಗಿಡ್ಡ." ಕೂರಲು ಚಾಪೆ ಸರಿಸಿದರು. "ನಿನ್ನ ದಾರಿ ನೋಡಿ ನೋಡಿ ಸಾಕಾಯ್ತಪ್ಪ. ಇನ್ನು ತಡ ಮಾಡೋದು ಬೇಡ ಅಂದ್ರು ಎಲ್ಲರೂ."

ಎದೆಗೆ ಗುದ್ದಿದಂತಾಯಿತು. ಆದರೂ ನಾಲಿಗೆ ಸುಮ್ಮನಿರಲಿಲ್ಲ. "ನನ್ನದೇನಮ್ಮ, ನಾನು ಹೊರಗಿನವನು. ದೊಡ್ಡವನು ಇದ್ದನಲ್ಲ."

ಅವರು ಅವನ ಮುಖವನ್ನೇ ನೋಡಿದರು. "ನಿನಗೂ ಅವನ ಮಾತು ಆಡ್ತಿದ್ರಾ? ಇಲ್ಲೂ ದಿನಾ ಸಂಜೆ ಅದೇ ಪುರಾಣ. ಹೋದ ವಾರ ನಗ್ತಾ ಬಂದ್ರು. 'ನೋಡೇ, ಇಳಿಯೋ ನೀರು ಗೊಳಗೊಳ ಅಂತ ಪ್ರಾಣ ತಿಂತಿತ್ತು. ದೊಡ್ಡವನು ಪೈಪಿನ ನೆತ್ತಿಗೆ ಒಂದು ಸಣ್ಣ ತೂತು ಕೊರೆದ, ಗಪ್‌ಚಿಪ್!' ಅಂದ್ರು."

ಅವನ ಮೈಯೆಲ್ಲ ಉರಿದುಹೋಯಿತು. ಹೋದ ವಾರ ಆ ತೂತು ಕೊರೆದವನು ತಾನು. ಮೇಸ್ತ್ರಿ ಪಕ್ಕದಲ್ಲೇ ನಿಂತು ನೋಡಿದ್ದರು. "ಹೂಂ" ಎಂದದ್ದು ಬಿಟ್ಟರೆ ಒಂದು ಒಳ್ಳೆಯ ಮಾತು ಆಡಿರಲಿಲ್ಲ. ದುಡಿದ ಕೈ ಇವನದು, ಹೊಗಳಿಕೆ ಅವನಿಗೆ!

"ಅದನ್ನ ಕೊರೆದದ್ದು ನಾನಮ್ಮ! ಅವನು ಆ ಕಡೆ ತಲೆ ಕೂಡ ಹಾಕಿರಲಿಲ್ಲ. ಎಲ್ಲಿದ್ದಾನೆ, ಕರೀರಿ. ಎದುರಿಗೇ ಕೇಳ್ತೀನಿ."

"ನೀನೇ ಅಂತ ನನಗೆ ಗೊತ್ತು ಕಣಪ್ಪ," ಎಂದರು ಆಕೆ. "ಯಾವತ್ತೂ ನೀನೇ ಅಂತ ಗೊತ್ತಿತ್ತು. ಅವರು ಹೇಳೋರು, ನಾನು ಹೂಂಗುಟ್ಟೋಳು."

ಆಕೆ ಕೈ ಮುಗಿದು ಕಣ್ಣು ಮುಚ್ಚಿದರು. ಒಳಗೆ ಬೆಂಕಿಯಿಟ್ಟುಕೊಂಡೇ ಇವನೂ ಕೈ ಮುಗಿದ.

"ದೇವರೇ, ಮೂರೇ ವರ್ಷದವನಿದ್ದಾಗ ಮುಚ್ಚಳವಿಲ್ಲದ ನೀರಿನ ತೊಟ್ಟಿಗೆ ಬಿದ್ದು ನಿನ್ನ ಪಾದ ಸೇರಿದ ನನ್ನ ದೊಡ್ಡ ಮಗನ ಹತ್ತಿರ ಇವತ್ತು ಅವನಪ್ಪನೂ ಬಂದ್ರು, ಬೆಳೆದಿದ್ರೆ ಅವನು ಹೇಗಿರ್ತಿದ್ದ ಅಂತ ಅವರಿಗೆ ದಿನಾ ತೋರಿಸಿಕೊಟ್ಟ ಈ ಚಿಕ್ಕವನನ್ನ ಕಾಪಾಡು, ಅವರಿಬ್ಬರಿಗೂ ಶಾಂತಿ ಕೊಡು."