ಕಡಲು ದಾಟಿ ಬಂದ ಮಾತು

"ಆಫೀಸಿನಾಗ ಚಿಟ್ ಅಂತಾರಲ್ಲ ಮುನ್ನಿಬೀ, ಅದು ಇಂಗ್ಲಿಷಿನವರ ಸ್ವತ್ತಲ್ಲ. ನಮ್ಮ ಚೀಟೀನ ಅದು. ಮಲಗೋ ಕಾಟ್ ಅಂದ್ರೂ ಅಷ್ಟ, ನಿಮ್ಮ ಮನಿ ಖಾಟ್."

ಬಳಗಾನೂರಿನ ಹೊನ್ನೂರಪ್ಪ ಮಾಸ್ತರರು ಕಟ್ಟೆಯ ಮೇಲೆ ಕೂತು ಹೀಗೆ ಮಾತಿನ ಹುಟ್ಟು ಹೇಳತೊಡಗಿದರೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಪಕ್ಕದ ಮನೆಯ ಮುನ್ನಿಬೀ ಮೊರದಲ್ಲಿ ಬೇಳೆ ಹಸನು ಮಾಡುತ್ತ ಕೇಳಿದಳು:

"ಹಂಗಾರ ಲಸ್ಕರ್ ಅಂದ್ರ ಏನ್ರಿ?"

ಕಾಲುವೆಯ ತೂಬು ಕಾಯುವವನಿಗೆ ಆ ಸೀಮೆಯಲ್ಲಿ ಲಸ್ಕರ್ ಎಂದೇ ಹೆಸರು. ಮೂರು ವರ್ಷದ ಹಿಂದೆ ಮಾಸ್ತರರ ಮಗಳು ಕಸ್ತೂರೆಮ್ಮ ಕಾಲುವೆ ಬದಿಯ ವಲಸಿಗರ ಕ್ಯಾಂಪಿನ ತೆಲುಗು ಲಸ್ಕರನ ಹಿಂದೆ ಹೋಗಿ ಲಗ್ನವಾದಾಗಿನಿಂದ ಆ ಮಾತನ್ನು ಅವರ ಮುಂದೆ ಯಾರೂ ಆಡಿರಲಿಲ್ಲ. ಆದರೆ ಮಾತಿನ ಹುಟ್ಟು ಕೇಳಿದವರಿಗೆ ಹೇಳದೆ ಇರುವುದು ಅವರಿಂದಾಗದು.

"ಅದು ನಿಮ್ಮ ಉರ್ದು ಮಾತ. ಲಶ್ಕರ್, ಅಂದ್ರ ದಂಡು. ಬಿಳಿಯರು ತಮ್ಮ ಹಡಗಿನಾಗ ದುಡಿಯೋ ನಮ್ಮ ಮಂದಿಗೆ ಆ ಹೆಸರಿಟ್ರು. ಸಮುದ್ರ ಸುತ್ತಿ, ಯಾರ್ಯಾರ ಬಾಯಾಗೋ ಇದ್ದು, ಕಡೀಕ ನಮ್ಮ ಕಾಲುವಿ ದಂಡಿಗೆ ಬಂದು ನಿಂತೈತಿ ನೋಡು, ಪಾಪ." ಹೇಳುತ್ತ ಹೇಳುತ್ತ ಅವರ ದನಿ ಮೆತ್ತಗಾಗಿತ್ತು.

ಮುನ್ನಿಬೀ ಮೊರ ಕೆಳಗಿಟ್ಟಳು. "ಅಂಗಳದ ಕಡೆ ನೋಡ್ರಿ ಮಾಸ್ತರ್."

ಉರಿಬಿಸಿಲಲ್ಲಿ ಕೂಸನ್ನು ಸೆರಗಿನಿಂದ ಮುಚ್ಚಿಕೊಂಡು ಕಸ್ತೂರೆಮ್ಮ ನಿಂತಿದ್ದಳು.

"ಅಪ್ಪಾ, ಅವರಿಗೆ ಬಳ್ಳಾರಿ ಕಡೆ ಬದ್ಲಿ ಆಗೇತಿ. ಸಂಜಿ ಬಸ್ಸಿಗೆ ಹೊಂಟೀವಿ. ಅವ್ವ ಇದ್ದಿದ್ರ ಉಡಿ ತುಂಬಿ ಕಳಸ್ತಿದ್ಲು. ಅದಕ್ಕ ಬಂದೆ."

ಮಾಸ್ತರರು ಮುನ್ನಿಬೀ ಕಡೆ ಮುಖ ತಿರುಗಿಸಿದರು. "ನೀ ಕರಿಸಿದೇನು ಇಕಿನ್ನ?"

"ಹೌದ್ರಿ, ನಾನ ಹೇಳಿ ಕಳಿಸೀನಿ. ಒಂದು ಮಾತು ದೇಶ ತಿರಿಗಿ ಬಂದ್ರ ಇಷ್ಟು ಅಕ್ಕರತಿ ಮಾಡ್ತೀರಿ. ಯಾರ ಮನ್ಯಾಗ ಉಂಡು ಬಂದಿ ಅಂತ ಅದನ್ನ ಕೇಳೀರೇನು?"

"ಮಾತು ಬ್ಯಾರೆ, ಮಗಳು ಬ್ಯಾರೆ."

"ಬ್ಯಾರೇನ. ಮಾತು ಬಿಸಲಾಗ ನಿಂತು ಅಳಂಗಿಲ್ಲ."

ಮಾಸ್ತರರು ಎದ್ದು ಒಳಗೆ ಹೋದರು. ಇನ್ನು ಬಾಗಿಲು ಹಾಕಿಕೊಳ್ಳುತ್ತಾರೆಂದೇ ಮುನ್ನಿಬೀ ಅಂದುಕೊಂಡಳು. ಕೂಸು ಅತ್ತಿತು, ಸುಮ್ಮನಾಯಿತು. ಬಹಳ ಹೊತ್ತಿನ ಮೇಲೆ ಒಳಗೆ ದೇವರ ಗೂಡಿನ ಮುಂದೆ ಮಣೆ ಹಾಕಿದ ಸದ್ದಾಯಿತು.

"ಒಳಗ ಬಾ," ಎಂಬ ದನಿ ಬಂತು.

ಉಡಿ ತುಂಬಲು ಮುತ್ತೈದೆ ಬೇಕು. ಮನೆಯಾಕೆ ತೀರಿಹೋಗಿ ವರ್ಷವಾಗಿತ್ತು, ಮುನ್ನಿಬೀಗೂ ಗಂಡನಿರಲಿಲ್ಲ. ಗಂಡಸು ಉಡಿ ತುಂಬಿದ್ದನ್ನು ಆ ಊರಲ್ಲಿ ಕಂಡವರಿಲ್ಲ. ಮಾಸ್ತರರು ಕೈಕಾಲು ತೊಳೆದು, ವಿಭೂತಿ ಧರಿಸಿ, ಮಣೆಯ ಮೇಲೆ ಕೂತ ಮಗಳ ಸೆರಗಿಗೆ ತಾವೇ ಅಕ್ಕಿ ಹಾಕಿದರು. ಐದು ಬೊಗಸೆಗೆ ನಿಲ್ಲಿಸುವುದು ಪದ್ಧತಿ. ಅವರು ನಿಲ್ಲಿಸಲಿಲ್ಲ.

"ಸಾಕಪ್ಪಾ," ಅಂದಳು ಕಸ್ತೂರೆಮ್ಮ, "ಸೆರಗು ಹರಿತೈತಿ."

ಮಾಸ್ತರರು ಮತ್ತೊಂದು ಬೊಗಸೆ ತುಂಬಿಕೊಂಡರು.